ಪ್ಲೇಟಿನೊಳಗಿನ ಹೆಸರು

ನಮ್ಮವ್ವನ ದನಿ ಇದ್ದ ಗ್ರಾಮಫೋನು ಪ್ಲೇಟಿನ ಕವರಿನ ಮೇಲೆ ನಮ್ಮವ್ವ ಇರಲಿಲ್ಲ. ತುಟಿಗೆ ಬಣ್ಣ ಬಳಿದುಕೊಂಡು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಯಾವಳೋ ಒಬ್ಬಳು ನಗುತ್ತಾ ನಿಂತಿದ್ದಳು. ಆ ಕೊಡದಲ್ಲಿ ನೀರಿಲ್ಲ ಎನ್ನುವುದು ಒಂದು ದಿನ ನೀರು ಹೊತ್ತವರಿಗೂ ನೋಡಿದ ಕೂಡಲೇ ತಿಳಿಯುತ್ತಿತ್ತು. ನಮ್ಮ ಹಟ್ಟಿಯವರು ಆ ಪ್ಲೇಟಿನ ಬಗ್ಗೆ ಕೊಟ್ಟ ಮೊದಲ ಅಭಿಪ್ರಾಯ ಹಾಡಿನ ಮೇಲಲ್ಲ, ಆ ಮೊಣಕಾಲಿನ ಮೇಲೆ. "ನಿಮ್ಮವ್ವ ಬೆಂಗ್ಳೂರಿಗೆ ಹೋಗಿ ಹಿಂಗಾಗಿದ್ಲೇನೇ?" ಎಂದು ದೊಡ್ಡವ್ವ ನನ್ನನ್ನು ಕೇಳಿದಳು. ಅವ್ವ ಪಕ್ಕದಲ್ಲೇ ಕೂತು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನಮ್ಮದು ಹಿರಿಯೂರು ಸೀಮೆ, ಆದಿವಾಲದಿಂದ ಒಳದಾರಿಯಲ್ಲಿ ನಡೆದರೆ ಸಿಗುವ ಕುರಿಯವರ ಹಟ್ಟಿ. ಅಪ್ಪ ಕುರಿ ಮೇಯಿಸುತ್ತಿದ್ದ. ಅವ್ವ ಹೊಲದ ಕೆಲಸ ಮಾಡುತ್ತಾ, ಸುತ್ತಲಿನ ಮದುವೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದಳು. ನಮ್ಮ ಕಡೆ ಪದ ಹಾಡುವುದಿಲ್ಲ, ಹೇಳುವುದು. ಅವ್ವ ಮುಂದೆ ಹೇಳಿದರೆ ನಾಲ್ಕಾರು ಹೆಂಗಸರು ಹಿಂದೆ ಹೇಳುತ್ತಿದ್ದರು. ಅವಳ ದನಿ ಜೇನಿನಂತಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಒರಟು ದನಿ, ಗುಡ್ಡದ ಆಚೆಗಿರುವ ಕುರಿಗೂ ಕೇಳಿಸಬೇಕಾದ ಮನೆತನದ ದನಿ. ಆದರೆ ಅವಳು ಬಾಯಿ ತೆರೆದರೆ ಚಪ್ಪರದ ಕೆಳಗೆ ಹರಟುತ್ತಿದ್ದ ಗಂಡಸರು ಬೀಡಿ ಆರಿಸಿ ಸುಮ್ಮನಾಗುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾರದೋ ಮದುವೆಗೆ ಬಂದಿದ್ದ ಚಿತ್ರದುರ್ಗದ ಕಾಲೇಜು ಮೇಷ್ಟ್ರೊಬ್ಬರು ಅದನ್ನೇ ಕಂಡರು. ಆಮೇಲೆ ಒಂದು ದಿನ ಜೀಪು ತಂದು, ಅವ್ವನನ್ನೂ ಬೇರೆ ಊರುಗಳ ಕೆಲವು ಹಾಡುಗಾರರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಪ್ಪ ಜೊತೆಗೆ ಹೋಗಲಿಲ್ಲ. ಕುರಿಗಳನ್ನು ಯಾರ ಕೈಗೆ ಕೊಟ್ಟು ಹೋಗುತ್ತಾನೆ? ಹಿಂದೆ ಹೇಳುವ ಹಟ್ಟಿಯ ಹೆಂಗಸರನ್ನೂ ಕರೆಯಲಿಲ್ಲ; ಜೀಪಿನಲ್ಲಿ ಜಾಗ ಇಲ್ಲವಂತೆ. ಅಲ್ಲಿ ಹಿಂದೆ ಹೇಳಲು ಬೆಂಗಳೂರಿನ ಹುಡುಗಿಯರು ಇದ್ದರಂತೆ. ಈ ಅವಮಾನವನ್ನು ನಮ್ಮ ಹೆಂಗಸರು ಮರೆಯಲಿಲ್ಲ.

ಅವ್ವ ಹೇಳಬೇಕಾಗಿದ್ದದ್ದು ಗಂಡನ್ನು ಹಸೆಗೆ ಕರೆಯುವ ಪದ. ಮದುವೆಯಲ್ಲಿ ಮದುಮಗ ಚಪ್ಪರದ ಬಾಗಿಲಿಗೆ ಬಂದು ನಿಂತಾಗ, ಅವನ ಹೆಸರು ಹಾಕಿ, ಬಾರಪ್ಪ, ಬಂದು ಹಸೆಮಣೆಯ ಮೇಲೆ ಕೂರಪ್ಪ ಎಂದು ಹೆಂಗಸರು ಕರೆಯುತ್ತಾರೆ. ಯಾರ ಮದುವೆಯೋ ಅವನ ಹೆಸರು. ಹೆಸರಿಲ್ಲದೆ ಆ ಪದ ಮುಂದಕ್ಕೆ ಹೋಗುವುದಿಲ್ಲ. ಬೆಂಗಳೂರಿನ ಗಾಜಿನ ಕೋಣೆಯಲ್ಲಿ ಹೆಸರಿನ ಜಾಗ ಬಂದಾಗ ಅವ್ವ ನಿಂತೇಬಿಟ್ಟಳಂತೆ. ಅಲ್ಲಿ ಮದುವೆಯೂ ಇಲ್ಲ, ಮದುಮಗನೂ ಇಲ್ಲ. "ಯಾವುದಾದರೂ ಒಂದು ಹೆಸರು ಹಾಕಮ್ಮ" ಎಂದರಂತೆ ಮಷೀನಿನ ಮುಂದೆ ಕೂತವರು. ಯಾವುದಾದರೂ ಎಂದರೆ ಏನು? ದಾರಿಯಲ್ಲಿ ಹೋಗುವ ಗಂಡಸನ್ನೆಲ್ಲ ಹಸೆಗೆ ಕರೆಯಲಾದೀತೇ? ಮದುಮಗ ಎಂದರೆ ಅವ್ವನಿಗೆ ಗೊತ್ತಿದ್ದವನು ಒಬ್ಬನೇ. ಅವಳು ಅಪ್ಪನ ಹೆಸರು ಹಾಕಿದಳು.

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದ ಜನ ನಮ್ಮವರು. ಅಪ್ಪನದು ಮನೆದೇವರ ಹೆಸರು, ಹಟ್ಟಿಯ ಅರ್ಧ ಗಂಡಸರದೂ ಅದೇ. ಹೀಗಾಗಿ ಅವ್ವನ ಪಾಲಿಗೆ ದೇವರಿಗೂ ಹೆಸರಿರಲಿಲ್ಲ. "ನಮ್ ಹುಡುಗಿಯಪ್ಪನ ಹೆಸರಿನೋನೇ, ಕಾಪಾಡಪ್ಪ" ಎಂದು ಸುತ್ತು ಹಾಕಿ ಕೈಮುಗಿಯುತ್ತಿದ್ದಳು. "ಪಾಪ, ಯಾರನ್ನ ಕರೀತಾಳೆ ಅಂತ ದ್ಯಾವ್ರೂ ವಸಿ ಯೋಚ್ನೆ ಮಾಡ್ಬೇಕು" ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅಂಥವಳು ಯಾವ ಧೈರ್ಯದ ಮೇಲೆ ಹೇಳಿದಳೋ. ಪದದೊಳಗೆ ಬಂದ ಹೆಸರು ಹೆಸರಲ್ಲ ಎಂದುಕೊಂಡಿರಬಹುದು. ಬೆಂಗಳೂರಿನ ಕೋಣೆಯೊಳಗೆ ಆಡಿದ್ದು ಹಟ್ಟಿಗೆ ಕೇಳಿಸುವುದಿಲ್ಲ ಎಂದುಕೊಂಡಿರಬಹುದು. ಪ್ಲೇಟು ಎಂದರೆ ಏನು, ಒಮ್ಮೆ ಹೇಳಿದ್ದನ್ನು ಅದು ಎಷ್ಟು ಸಲ ಹೇಳುತ್ತದೆ, ಯಾರ್‍ಯಾರ ಮುಂದೆ ಹೇಳುತ್ತದೆ ಎಂದು ಅವಳಿಗೆ ತಿಳಿಸಿ ಹೇಳಿದವರು ಯಾರೂ ಇಲ್ಲ.

ಆದಿವಾಲದಲ್ಲಿ ಹೈವೇ ಪಕ್ಕದ ಚಾ ಹೋಟೆಲಿನವನು ಹಿರಿಯೂರಿಗೆ ಹೋದಾಗ ಆ ಪ್ಲೇಟು ತಂದ. ಹೋಟೆಲಿನ ಮೇಲೆ ಕಟ್ಟಿದ್ದ ಲೌಡ್‌ಸ್ಪೀಕರಿನ ಹಾರನ್ನಿನಿಂದ ಅವ್ವನ ದನಿ ರಸ್ತೆಗೆ ಬಿತ್ತು. ಕಿವಿ ಇದ್ದವರಿಗೆಲ್ಲ ಒಂದೊಂದು ಅಭಿಪ್ರಾಯ ಹುಟ್ಟಿತು. ಹಾಡು ಮೊಸರಾದರೆ ನಮ್ಮೂರಿನವರು ಅದರಲ್ಲಿ ಕಲ್ಲು ಹುಡುಕುವವರು. ಶಾಲೆಯ ಮೇಷ್ಟ್ರು, ಪದದಲ್ಲಿ ಹಕಾರವೇ ಇಲ್ಲ, ಎಲ್ಲ ಅಶುದ್ಧ ಎಂದರು. ಮಧ್ಯೆ ಬರುವ ಪಿಟೀಲನ್ನು ಕೇಳಿ ಒಬ್ಬ ಮುದುಕ, ಯಾರೋ ಬೆಕ್ಕಿನ ಬಾಲ ತುಳಿದವ್ರೆ ಎಂದ. ಹಿಂದೆ ಹೇಳುವ ನಮ್ಮ ಹೆಂಗಸರಂತೂ, "ಆ ಹುಡುಗೀರು ಮೂಗಿನಾಗೆ ಹೇಳ್ತಾವೆ ಕಣೇ, ನೆಗಡಿ ಬಂದೈತೇನೋ" ಎಂದು ಅವ್ವನ ಮುಂದೆಯೇ ಅಣಕಿಸಿದರು. ಹೊಸದುರ್ಗದ ಟೂರಿಂಗ್ ಟಾಕೀಸಿನಲ್ಲಿ ಆಟ ಶುರುವಾಗುವ ಮೊದಲು ಜನ ಸೇರಲೆಂದು ಅದನ್ನು ಹಾಕುತ್ತಿದ್ದರಂತೆ. ಆ ಪ್ಲೇಟು ನಿಂತರೆ ಸಾಕು ಎಂದು ಜನ ಬೇಗ ಒಳಗೆ ಹೋಗುತ್ತಿದ್ದರು ಎಂದು ನೋಡಿ ಬಂದ ಸೋದರಮಾವ ನಗುತ್ತಾ ಹೇಳಿದ.

ಚಿತ್ರದುರ್ಗದ ಅಭಿಪ್ರಾಯ ಬೇರೆ ತರಹದ್ದು. ಕಾಲೇಜು ಮೇಷ್ಟ್ರು ತಮ್ಮ ಮನೆಗೆ ಕರೆಸಿಕೊಂಡಾಗ ನಾನೂ ಅವ್ವನ ಜೊತೆ ಹೋಗಿದ್ದೆ. ಒಳಗೆ ನಡುಮನೆಯಲ್ಲಿ ಪ್ಲೇಟು ಹಾಡುತ್ತಿತ್ತು, ಹೆಂಗಸರು ಸೋಫಾದ ಮೇಲೆ ಕೂತು "ಎಷ್ಟು ಮುಗ್ಧತೆ, ಮಣ್ಣಿನ ವಾಸನೆ ಬರುತ್ತೆ ಅಲ್ವಾ" ಎನ್ನುತ್ತಿದ್ದರು. ಹಾಡಿದವಳು ಹೊರಗೆ ಜಗಲಿಯ ಮೇಲೆ ಕೂತು, ತೊಳೆದಿಡಬೇಕಾದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಮಣ್ಣಿನ ವಾಸನೆ ಒಳಗೆ ಬರಬಹುದು, ಮಣ್ಣು ತುಳಿದ ಕಾಲು ಬರುವ ಹಾಗಿರಲಿಲ್ಲ. ನನಗೆ ಆ ಲೋಟವನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತ್ತು. ಅವ್ವ ಅದನ್ನು ಚೆನ್ನಾಗಿ ತೊಳೆದು ಬೋರಲು ಹಾಕಿ ಬಂದಳು.

ಅಪ್ಪ ಪ್ಲೇಟು ಕೇಳಿದ್ದು ಹಿರಿಯೂರಿಗೆ ಕುರಿ ಹೊಡೆದುಕೊಂಡು ಹೋಗಿ ಬರುವಾಗ, ಆದಿವಾಲದ ಆ ಹೋಟೆಲಿನ ಮುಂದೆ. ಮನೆಗೆ ಬಂದವನು ಕಂಬಳಿಯನ್ನೂ ಇಳಿಸದೆ ಬಾಗಿಲಿನಲ್ಲೇ ನಿಂತ.

"ಏನಮ್ಮಿ, ಪ್ಲೇಟ್ನಾಗೆ ಯಾರನ್ನೋ ಕರದಂಗಿತ್ತಲ್ಲ?"

ಅವ್ವ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ಮದುಮಗನ್ನ ಕರೀಬೇಕಲ್ಲ ಮತ್ತೆ."

"ಯಾವ ಮದುಮಗನ್ನ?"

"ಅವ್ರು ಯಾವ್ದಾರ ಒಂದು ಹೆಸ್ರು ಹಾಕು ಅಂದ್ರು. ನಂಗೆ ಇನ್ಯಾವ್ದು ಗೊತ್ತು?"

ಅಪ್ಪ ನಕ್ಕ. ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಮನೇಲಿ ಒಂದಿನಾನೂ ಬಾಯಿ ಬುಡ್ದೋಳು ಬೆಂಗ್ಳೂರಾಗೆ ನಿಂತ್ಕಂಡು ಕರದವ್ಳೆ" ಎಂದು ಅಜ್ಜಿಗೆ ಕೇಳುವಂತೆ ಹೇಳಿದ. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳು ನಗಲಿಲ್ಲ. "ನಾಚ್ಕೆಗೆಟ್ಟೋಳು. ಲಾರಿಯೋರ ಮುಂದೆಲ್ಲ ಗಂಡನ ಹೆಸ್ರು ಎಳೀತಾಳೆ" ಎಂದಳು. "ಹೆಸ್ರು ನಂದು, ಹೆಂಡ್ತಿ ನನ್ನೋಳು, ನಿಂದೇನು ಹೋತು ಬುಡವ್ವ" ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿದ. ಆಮೇಲೆ ಆ ಕಡೆ ಹೋದಾಗಲೆಲ್ಲ ಹೋಟೆಲಿನವನಿಗೆ ಹೇಳಿ ಪ್ಲೇಟು ಹಾಕಿಸಿಕೊಂಡು, ಹೆಸರಿನ ಜಾಗ ಬರುವ ತನಕ ರಸ್ತೆ ಬದಿಯಲ್ಲಿ ಕೋಲು ಊರಿಕೊಂಡು ನಿಲ್ಲುತ್ತಿದ್ದ. "ಲೇ, ನಿನ್ ಹೆಂಡ್ತಿ ಕರೀತಾಳೆ ಹೋಗೋ" ಎಂದು ಬೆಂಚಿನ ಮೇಲಿದ್ದವರು ಗೇಲಿ ಮಾಡಿದರೆ, "ಬತ್ತೀನಿ ಅಂತ ಹೇಳ್ರಪ್ಪ" ಎನ್ನುತ್ತಿದ್ದ. ಆ ಪ್ಲೇಟಿಗೆ ಬಂದ ಅಭಿಪ್ರಾಯಗಳಲ್ಲಿ ಒಳ್ಳೆಯದು ಎಂದರೆ ಅದೊಂದೇ.

ಮರು ಬೇಸಿಗೆಯ ಒಂದು ಸಂಜೆ ಆದಿವಾಲದ ಹತ್ತಿರ ಕುರಿಗಳನ್ನು ಹೈವೇ ದಾಟಿಸುವಾಗ ಅಪ್ಪನಿಗೆ ಲಾರಿ ಹೊಡೆಯಿತು. ಕುರಿಗಳು ದಾಟಿದ್ದವು. ಹಿಂದೆ ಉಳಿದ ಒಂದು ಮರಿಯನ್ನು ಎತ್ತಿಕೊಳ್ಳಲು ಅವನು ತಿರುಗಿದ್ದ. ಮರಿ ಬದುಕಿತು.

ಹೆಣ ಅಂಗಳದಲ್ಲಿರುವಾಗಲೇ ಅಜ್ಜಿ ಅವ್ವನ ಕಡೆ ಕೈ ತೋರಿಸಿ ಗೋಳಾಡಿದಳು. "ಕರದ್ಲಲ್ಲಪ್ಪೋ, ಕರದ್ಲಲ್ಲ! ಹಸೆಗೆ ಕರೀತೀನಿ ಅಂತ ನನ್ ಮಗನ್ನ ಮಸಣಕ್ಕೆ ಕರದ್ಲಲ್ಲ! ಆ ತಟ್ಟೆ ಒಂದೊಂದು ಸುತ್ತು ತಿರುಗ್ದಂಗೂ ಅವನ ಆಯಸ್ಸು ಸವೀತಲ್ಲಪ್ಪೋ!" ಮಗನನ್ನು ಕಳೆದುಕೊಂಡ ಮುದುಕಿ, ಏನೋ ಅಂದಳು ಎಂದು ನಾನು ಬಿಟ್ಟೇನು. ಆದರೆ ಸುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ತಲೆ ಆಡಿಸಿದರು. ಅವ್ವನ ಬಳೆ ಒಡೆಯಲು ಬಂದವಳು, ಅವಳ ಹಿಂದೆ ಎಷ್ಟೋ ವರ್ಷ ಪದ ಹೇಳಿದವಳು, ಕೈ ಹಿಡಿದುಕೊಂಡೇ ಹೇಳಿದಳು: "ನಾವು ಹಿಂದೆ ಇದ್ದಿದ್ರೆ ಆ ಹೆಸ್ರು ನಿನ್ನ ಬಾಯಿಗೆ ಬರಕ್ಕೆ ಬುಡ್ತಿದ್ವೇನೇ? ಬೆಂಗ್ಳೂರ ಹುಡುಗೀರು ಬೇಕಾಗಿತ್ತು ನಿಂಗೆ." ಹೇಳಿ ಮುಗಿಸಿ ಬಳೆಗೆ ಕಲ್ಲು ಕುಟ್ಟಿದಳು. ಜೀಪಿನಲ್ಲಿ ಸಿಗದ ಜಾಗದ ಸೇಡು ಹಾಗೆ ತೀರಿತು.

ಅಲ್ಲಿಂದ ಮುಂದೆ ಪ್ಲೇಟಿನ ಹಾಡು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಹಕಾರ, ಪಿಟೀಲು, ನೆಗಡಿ ಎಲ್ಲ ಮರೆತುಹೋದವು. ಈಗ ಎಲ್ಲರೂ ಹೆಸರಿನ ಜಾಗಕ್ಕೆ ಕಿವಿ ಕೊಟ್ಟು ಕಾಯುತ್ತಿದ್ದರು. ಹಿರಿಯೂರಿನ ಬಸ್ಸಿನಿಂದ ಇಳಿದವರೂ "ಗಂಡನ್ನ ನುಂಗಿದ ಪ್ಲೇಟು ಹಾಕಪ್ಪ, ಕೇಳಾಣ" ಎನ್ನುತ್ತಿದ್ದರಂತೆ. ಅಪ್ಪನಿಗೆ ಲಾರಿ ಹೊಡೆಯುವ ಗಳಿಗೆಯಲ್ಲಿ ಪ್ಲೇಟು ಅವನ ಹೆಸರು ಹಿಡಿದು ಕರೆಯುತ್ತಿತ್ತು, ಅವನು 'ಓ' ಎಂದು ತಿರುಗಿದ, ಲಾರಿ ಬಂತು ಎಂದು ಹೋಟೆಲಿನವನೇ ಹೇಳುತ್ತಿದ್ದನಂತೆ. ಕೇಳಿದವರ ಮೈ ಜುಂ ಎನ್ನುತ್ತಿತ್ತು.

ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಅವತ್ತು ಮಧ್ಯಾಹ್ನ ನಾನು ರಾಗಿ ಹಿಟ್ಟು ಮಾಡಿಸಲು ಆದಿವಾಲದ ಮಿಲ್ಲಿಗೆ ಹೋಗಿದ್ದೆ. ಕರೆಂಟು ಇಲ್ಲ, ನಾಳೆ ಬಾ ಎಂದಿದ್ದರು. ರಾಗಿಯ ಚೀಲ ಹಾಗೆಯೇ ಹೊತ್ತು ತಂದಿದ್ದೆ. ಮರುದಿನ ಬೆಳಿಗ್ಗೆ ತನಕ ಊರಿಗೆ ಕರೆಂಟು ಬಂದಿರಲಿಲ್ಲ. ಕರೆಂಟಿಲ್ಲದೆ ಹೋಟೆಲಿನವನ ಮಷೀನಿನಲ್ಲಿ ಪ್ಲೇಟು ತಿರುಗುವುದು ಹೇಗೆ? ಸಿಟ್ಟು ತಡೆಯಲಾರದೆ ನಾನು ಹೋಟೆಲಿಗೆ ಹೋದೆ. ಹೆಣ್ಣುಮಕ್ಕಳು ಒಳಗೆ ಹೋಗುವ ಜಾಗವಲ್ಲ ಅದು. ಬಾಗಿಲಿನಲ್ಲಿ ನಿಂತೇ ಕೇಳಿದೆ.

"ಅಣ್ಣ, ಅವತ್ತು ಕರೆಂಟಿತ್ತಾ?"

ಅವನು ಹಾಲು ಸೋಸುತ್ತಾ ಯೋಚಿಸಿದ. "ಎಲ್ಲಿತ್ತು? ಇರಲಿಲ್ಲ."

"ಮತ್ತೆ ಪ್ಲೇಟು ಹಾಡ್ತಿತ್ತು ಅಂತ ಯಾಕೆ ಹೇಳ್ತೀರಿ?"

"ಸಿಟ್ಟಾಗ್ಬ್ಯಾಡ ತಂಗೀ. ನಾನೇನೂ ಹುಟ್ಸಿದ್ದಲ್ಲ. ಜನಾನೇ ಹಂಗೆ ಅಂದ್ಕಂಡು ಬತ್ತಾರೆ. ಹೂಂ ಅಂದ್ರೆ ಕುಂತ್ಕಂಡು ಇನ್ನೊಂದು ಚಾ ಕುಡೀತಾರೆ. ಇಲ್ಲ ಅಂದ್ರೆ ಎದ್ದೋಗ್ತಾರೆ."

"ನಮ್ಮಜ್ಜಿ ಮುಂದೆ ಬಂದು ಒಂದ್ಸಲ ನಿಜ ಹೇಳ್ರಿ. ಅಷ್ಟೇ ಸಾಕು."

"ನಿಮ್ಮಜ್ಜಿಯೇ ಮೊನ್ನೆ ಬಂದು ಕೇಳಿದ್ಲಲ್ಲ" ಎಂದ ಅವನು. "ಹೌದು ಅಂದೆ. ಮುದುಕಿಗೆ ಏನೋ ಒಂದು ಸಮಾಧಾನ."

ಅವನು ಕೆಟ್ಟ ಮನುಷ್ಯನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೊರಡುವಾಗ ನನ್ನ ಕೈಗೆ ವಡೆಯ ಪೊಟ್ಟಣ ಕೊಟ್ಟು, ನಿಮ್ಮವ್ವಂಗೆ ಕೊಡು ಎಂದ. ನಾನು ಅದನ್ನು ಅವನ ಕಣ್ಣ ಮುಂದೆಯೇ ನಾಯಿಗೆ ಹಾಕಿದೆ.

ಕಾಲೇಜು ಮೇಷ್ಟ್ರೂ ಮಾತನಾಡಿಸಲು ಬಂದರು. ನಡೆದದ್ದನ್ನೆಲ್ಲ ಕೇಳಿ ಅವರ ಕಣ್ಣು ಹೊಳೆಯಿತು. "ಎಂಥ ಅಪರೂಪದ ನಂಬಿಕೆ! ಆ ಹೆಸರು ಹೇಳುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಹೇಳಿ" ಎಂದು ಅವ್ವನನ್ನು ಕೇಳಿದರು. ಹಣೆಯ ಕುಂಕುಮ ಅಳಿಸಿ ತಿಂಗಳಾಗದ ಹೆಂಗಸನ್ನು ಕೇಳುವ ಪ್ರಶ್ನೆ! ಅವ್ವ ಮಜ್ಜಿಗೆ ತರುತ್ತೇನೆ ಎಂದು ಒಳಗೆ ಹೋದಳು.

ವಿಧವೆಯಾದ ಮೇಲೆ ಸೋಬಾನೆ ಪದಕ್ಕೆ ಅವಳನ್ನು ಯಾರೂ ಕರೆಯುವಂತಿರಲಿಲ್ಲ; ಅದು ಎಲ್ಲ ವಿಧವೆಯರಿಗೂ ಇದ್ದದ್ದೇ. ಅವಳಿಗೆ ಮಾತ್ರ ಇನ್ನೂ ಒಂದು ಇತ್ತು. ಹೊಸದಾಗಿ ಮದುವೆಯಾದ ಹುಡುಗಿಯರು ಅವಳು ಎದುರಿಗೆ ಬಂದರೆ ಗಂಡಂದಿರನ್ನು ಆಚೆ ದಾರಿಗೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪನ ಹೆಸರಿನ ಗಂಡಸರು ಹಟ್ಟಿಯಲ್ಲಿ ಅಷ್ಟು ಜನ ಇದ್ದರಲ್ಲ, ಅವರ ಹೆಂಡತಿಯರಂತೂ, "ನಮ್ಮನೆಯೋರ ಮುಂದೆ ನೀನು ಬಾಯಿ ತೆಗೀಬ್ಯಾಡ ತಾಯಿ" ಎಂದು ನೇರವಾಗಿಯೇ ಬೇಡಿಕೊಂಡರು. ಅವ್ವ ಬಾಯಿ ತೆಗೆಯುವುದನ್ನು ಬಿಟ್ಟಳು. ರಾಗಿ ಬೀಸುವಾಗಲೂ ಅವಳ ದನಿ ಏಳಲಿಲ್ಲ. ಬರೀ ಕಲ್ಲಿನ ಸದ್ದು ಕೇಳುತ್ತಿತ್ತು.

ಊರು ಏನಾದರೂ ಅಂದುಕೊಳ್ಳಲಿ, ಎಲುಬಿಲ್ಲದ ನಾಲಿಗೆ, ಎತ್ತ ಬೇಕಾದರೂ ಹೊರಳುತ್ತದೆ. ನನಗೆ ಬೇಕಾಗಿದ್ದದ್ದು ಒಂದೇ: ಅವ್ವ ಅದನ್ನು ನಂಬಬಾರದು. ಅಪ್ಪನನ್ನು ಕೊಂದದ್ದು ತನ್ನ ಪದ ಎಂದುಕೊಂಡು ಅವಳು ಬದುಕಬಾರದು. ಅದಕ್ಕೇ ಸಮಯ ಸಿಕ್ಕಾಗಲೆಲ್ಲ ಅವಳ ಮುಂದೆ ವಾದ ಮಾಡುತ್ತಿದ್ದೆ. ಅವತ್ತು ಕರೆಂಟಿರಲಿಲ್ಲ. ಲಾರಿಯವನು ಕುಡಿದಿದ್ದ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಏನವ್ವ ಸಂಬಂಧ? ಇಲ್ಲಿ ಪದ ಹೇಳದ ಹೆಂಗಸರ ಗಂಡಂದಿರು ಸತ್ತೇ ಇಲ್ಲವಾ? ಅವ್ವ ಎಲ್ಲದಕ್ಕೂ 'ಹೂಂ' ಎನ್ನುತ್ತಿದ್ದಳು. ಒಂದು ದಿನವೂ ಎದುರಾಡಲಿಲ್ಲ. ನಾನು ವಾದದಲ್ಲಿ ಗೆದ್ದೆ ಎಂದುಕೊಂಡೆ.

ದಶಕ ಮುಗಿಯುವುದರೊಳಗೆ ನನಗೆ ಮದುವೆಯಾಯಿತು. ರಾಮಗಿರಿ ಕಡೆಯ ಗಂಡು, ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ಹಟ್ಟಿಯಲ್ಲೇ ಧಾರೆ. ಧಾರೆ ಎರೆದದ್ದು ದೊಡ್ಡಪ್ಪ, ದೊಡ್ಡವ್ವ. ಹಸೆಗೆ ಕರೆಯುವ ಪದ ಹೇಳಿದ್ದು ಅವ್ವನ ಬಳೆ ಒಡೆದವಳು. ಅವ್ವ ಒಲೆಯ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ನಾನು ಹೊರಡುವಾಗ ಅಲ್ಲಿಗೇ ಹೋಗಿ ಕಾಲು ಮುಟ್ಟಿ ಬಂದೆ.

ರಾಮಗಿರಿಯ ಮನೆಯ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾನು ಕಾಲು ಎತ್ತುವಷ್ಟರಲ್ಲಿ ಆ ಮನೆಯ ಹೆಂಗಸರು ಬಾಗಿಲಿಗೆ ಅಡ್ಡ ಕೈ ಹಿಡಿದರು. "ಗಂಡನ ಹೆಸ್ರು ಹೇಳಮ್ಮ, ಆಮ್ಯಾಕೆ ಒಳಗೆ ಬಾ!" ಇದು ಎಲ್ಲ ಕಡೆಯೂ ಇರುವ ಶಾಸ್ತ್ರ. ಜನ್ಮವಿಡೀ ಹೇಳಬಾರದ ಹೆಸರನ್ನು ಅವತ್ತೊಂದು ದಿನ ಹೊಸಿಲಿನಲ್ಲಿ ನಿಲ್ಲಿಸಿ ಹೇಳಿಸುತ್ತಾರೆ, ಸೊಸೆ ನಾಚಿಕೊಂಡರೆ ನಗುತ್ತಾರೆ. ಅವತ್ತು ಹೇಳಿದರೆ ಯಾರ ಆಯಸ್ಸೂ ಸವೆಯುವುದಿಲ್ಲವಂತೆ. ಆಯಸ್ಸು ಇವರನ್ನು ಕೇಳಿ ಸವೆಯುತ್ತದೆಯೇ? ಸೆರಗು ಹಿಂದಕ್ಕೆ ಸರಿಸಿ ಎಲ್ಲರ ಮುಖ ನೋಡಿದೆ.

"ಹೇಳ್ತೀನಿ. ಆದ್ರೆ ನಾನು ಯಾರ ಮಗಳು ಅಂತ ಗೊತ್ತಲ್ಲ? ಪ್ಲೇಟು ನೀವೂ ಕೇಳಿದೀರಿ. ಆ ಬಾಯಿಯಿಂದ್ಲೇ ಕಲ್ತ ಬಾಯಿ ಇದು. ಹೇಳ್ಲೇನ್ರಿ?"

ನಗು ನಿಂತುಹೋಯಿತು. ಅಡ್ಡ ಹಿಡಿದಿದ್ದ ಕೈಗಳು ಇಳಿದವು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನ್ನ ಗಂಡ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಅತ್ತೆ ಗಾಬರಿಯಿಂದ ನನ್ನ ಬಾಯಿಗೆ ತನ್ನ ಅಂಗೈ ಅಡ್ಡ ತಂದು, "ಬ್ಯಾಡ, ಬ್ಯಾಡ, ಹೇಳ್ಬ್ಯಾಡ! ಒಳಗೆ ಬಾರಮ್ಮ" ಎಂದಳು. ನಾನು ಸೇರನ್ನು ಜೋರಾಗಿಯೇ ಒದ್ದು ಒಳಗೆ ಹೋದೆ.

ಎಂಥ ಖುಷಿಯಾಯಿತು ಎಂದರೆ, ಆ ಹೋಟೆಲಿನ ಬೆಂಚಿನ ಮೇಲೆ ಕೂತವರಿಗೆಲ್ಲ ಒಂದೊಂದು ಬಿಟ್ಟಷ್ಟು. ಅವ್ವನ ಮುಂದೆ ಇದನ್ನು ಯಾವಾಗ ಹೇಳೇನು ಎಂದು ಕಾದೆ. ಮೊದಲ ಸಲ ತವರಿಗೆ ಬಂದ ದಿನ ಅವ್ವ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಎದ್ದು ನಿಂತು, ಅತ್ತೆಯ ಗಾಬರಿ, ಗಂಡನ ಹಿಂದೆ ಸರಿದ ಕಾಲು, ಎಲ್ಲವನ್ನೂ ಆಡಿ ತೋರಿಸಿದೆ. ಅವ್ವ ನಗುತ್ತಾಳೆ, ಎಷ್ಟೋ ದಿನದ ಮೇಲೆ ಬಾಯ್ತುಂಬ ನಗುತ್ತಾಳೆ ಎಂದುಕೊಂಡಿದ್ದೆ.

ಅವ್ವನ ಕೈ ಮೊರದ ಮೇಲೆಯೇ ನಿಂತಿತು.

"ಹೇಳಲಿಲ್ಲ ತಾನೇ?"

"ಇಲ್ಲ."

"ಆಮ್ಯಾಕೂ ಎಲ್ಲೂ ಹೇಳಿಲ್ಲ?"

"ಇಲ್ಲ ಕಣವ್ವ."

ಅವಳು ಎರಡು ಕೈಯಿಂದಲೂ ನನ್ನ ಮುಖ ನೀವಿ, ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಒಳ್ಳೇದು ಮಾಡ್ದೆ ನನ್ನವ್ವ. ನಿಂಗೆ ಬುದ್ಧಿ ಐತೆ. ನಂಗಿರಲಿಲ್ಲ."